ಹಕ್ಕಿ ಎಣಿಕೆ: ಪಂದ್ಯವೂ ಇರಲಿ, ಪುಸ್ತಕವೂ ಇರಲಿ



ಹಕ್ಕಿ ಎಣಿಸುವುದು ಕೆಲಸವಿಲ್ಲದವರ ಹವ್ಯಾಸ ಎಂಬ ಅಭಿಪ್ರಾಯ ನಮ್ಮ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿದೆ. ಪೇಟೆಯವರು ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು ಬರುತ್ತಾರೆ, ಗುಡ್ಡೆ ಹತ್ತಿ ಇಳಿಯುತ್ತಾರೆ, ಸಂಜೆಗೆ ಕಾರು ಹತ್ತಿ ಹೋಗುತ್ತಾರೆ. ಅಡಿಕೆಗೆ ಮದ್ದು ಬಿಡಲು, ದನಕ್ಕೆ ಹುಲ್ಲು ತರಲು, ಕೆಟ್ಟ ಪಂಪು ಸರಿಮಾಡಿಸಲು ಹೊತ್ತು ಸಾಲದ ರೈತನಿಗೆ ಅದರಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಆದುದರಿಂದ ಈ ಸಲದ ಅಂಕಣದಲ್ಲಿ ಅದಕ್ಕೆ ಉತ್ತರ ಹೇಳಲು ಪ್ರಯತ್ನಿಸುತ್ತೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹಕ್ಕಿಗಳ ಲೆಕ್ಕ ಇಡಬೇಕಾದವರಲ್ಲಿ ಮೊದಲಿಗನು ರೈತನೇ. ನೆರೆಕರೆಯ ಊರುಗಳ ನಡುವೆ ಸ್ನೇಹದ ಪಂದ್ಯವೊಂದು ನಡೆದರೆ ಅದಕ್ಕೆ ಒಳ್ಳೆಯ ಆರಂಭವಾದೀತು. ಆದರೆ ಪಂದ್ಯ ಮುಗಿದ ಮೇಲೂ ಲೆಕ್ಕ ಬರೆದ ಪುಸ್ತಕ ಊರಿನಲ್ಲಿ ಉಳಿಯಬೇಕು, ಮುಂದಿನ ವರ್ಷ ಮುಂದುವರಿಯಬೇಕು. ಅದು ಯಾಕೆ ಅಗತ್ಯವೆಂಬುದನ್ನು ನಮ್ಮ ಕಾಸರಗೋಡಿನವರಿಗೆ ಬೇರೆ ಊರಿನವರು ಬಂದು ಹೇಳಬೇಕಾಗಿಲ್ಲ. ನಮ್ಮದೇ ಮಣ್ಣಿನ ಕಥೆ ಅದನ್ನು ಹೇಳುತ್ತದೆ.

ಎಣಿಕೆಯ ಪಂದ್ಯ ಬಂದ ಬಗೆ

ಅಮೆರಿಕದಲ್ಲಿ ಹಿಂದೆ ಕ್ರಿಸ್ಮಸ್ ಸಮಯದಲ್ಲಿ ಎರಡು ಪಂಗಡ ಮಾಡಿಕೊಂಡು ಕಾಡಿಗೆ ಹೋಗಿ, ಕಂಡ ಹಕ್ಕಿ-ಪ್ರಾಣಿಗಳನ್ನೆಲ್ಲ ಗುಂಡು ಹೊಡೆದು ತಂದು, ಯಾರ ರಾಶಿ ದೊಡ್ಡದೋ ಅವರು ಗೆದ್ದರೆಂದು ತೀರ್ಮಾನಿಸುವ ರೂಢಿ ಇತ್ತು. 1900ನೇ ಇಸವಿಯ ಕ್ರಿಸ್ಮಸಿಗೆ ಫ್ರ್ಯಾಂಕ್ ಚಾಪ್‌ಮನ್ ಎಂಬ ಪಕ್ಷಿತಜ್ಞರು, ಕೊಲ್ಲುವ ಬದಲು ಎಣಿಸಿ ನೋಡೋಣ ಎಂದು ಕರೆ ಕೊಟ್ಟರು. ಆ ದಿನ 25 ಸ್ಥಳಗಳಲ್ಲಿ 27 ಮಂದಿ ಎಣಿಸಿದರು. ಸುಮಾರು 90 ಜಾತಿಯ ಹಕ್ಕಿಗಳು ಪಟ್ಟಿಗೆ ಬಂದುವು. ಆ ಕ್ರಿಸ್ಮಸ್ ಎಣಿಕೆ ಇಂದಿಗೂ ವರ್ಷ ವರ್ಷ ನಡೆದುಕೊಂಡು ಬರುತ್ತಿದೆ. ನೂರು ವರ್ಷ ಮೀರಿದ ಲೆಕ್ಕ ಕೈಯಲ್ಲಿರುವುದರಿಂದ, ಯಾವ ಹಕ್ಕಿ ಹೆಚ್ಚಿತು, ಯಾವುದು ಇಳಿಯಿತು ಎಂದು ಅಲ್ಲಿಯವರು ಊಹೆಯಿಲ್ಲದೆ ಹೇಳಬಲ್ಲರು.

ನಮ್ಮ ದೇಶದಲ್ಲಿಯೂ ಇಂತಹ ಪ್ರಯತ್ನಗಳು ಬೆಳೆದಿವೆ. ಕೆರೆ-ಗದ್ದೆಗಳ ನೀರುಹಕ್ಕಿಗಳನ್ನು ಪ್ರತಿ ಜನವರಿಯಲ್ಲಿ ಎಣಿಸುವ ಏಷ್ಯಾ ಮಟ್ಟದ ಗಣತಿ 1987ರಲ್ಲಿ ಪ್ರಾರಂಭವಾಯಿತು. 2005ರಲ್ಲಿ ಮುಂಬಯಿಯಲ್ಲಿ ಮೊದಲ ‘ಬರ್ಡ್ ರೇಸ್’ ನಡೆದು, ಅನಂತರ ಬೇರೆ ಪಟ್ಟಣಗಳಿಗೂ ಹಬ್ಬಿತು. ಮೂರು ನಾಲ್ಕು ಮಂದಿಯ ಒಂದು ತಂಡ, ಬೆಳಗ್ಗಿನಿಂದ ಕತ್ತಲೆಯ ವರೆಗೆ ಒಂದೇ ದಿನದ ಓಡಾಟ, ಅತಿ ಹೆಚ್ಚು ಜಾತಿ ಕಂಡವರಿಗೆ ಗೆಲುವು. ಅಲ್ಲಿ ಅಂಪಾಯರು ಇಲ್ಲ. ತಂಡದವರು ಹೇಳಿದ್ದನ್ನೇ ನಂಬುವುದು ಕ್ರಮ. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಹಿತ್ತಿಲ ಹಕ್ಕಿಗಳ ಎಣಿಕೆಯಲ್ಲಿ ಭಾರತ 2013ರಿಂದ ಭಾಗವಹಿಸುತ್ತಿದೆ. ಅದರ ಜೊತೆಗೆ ಶಾಲಾ-ಕಾಲೇಜುಗಳ ಆವರಣದ ಎಣಿಕೆಯೂ ಇದೆ. ತಮಿಳುನಾಡಿನವರು ಪೊಂಗಲಿಗೆ, ಕೇರಳದವರು ಓಣಂಗೆ ಎಣಿಸುತ್ತಾರೆ. ಹಬ್ಬದ ದಿನ ಮನೆಮಂದಿಯೆಲ್ಲ ಒಟ್ಟಾಗಿರುವುದರಿಂದ ಅದು ಜಾಣತನದ ಏರ್ಪಾಡು.

ಎಲ್ಲಕ್ಕಿಂತ ದೊಡ್ಡ ಕೆಲಸ ನಡೆದುದು ನಮ್ಮ ರಾಜ್ಯದಲ್ಲಿಯೇ. 2015ರಿಂದ 2020ರ ವರೆಗೆ ‘ಕೇರಳ ಬರ್ಡ್ ಅಟ್ಲಾಸ್’ ಎಂಬ ಹೆಸರಿನಲ್ಲಿ ಇಡೀ ರಾಜ್ಯವನ್ನು ಸಣ್ಣ ಸಣ್ಣ ಚೌಕಗಳಾಗಿ ವಿಂಗಡಿಸಿ, ಜನವರಿ-ಮಾರ್ಚ್ ನಡುವಿನ ಒಣ ಕಾಲದಲ್ಲಿ ಒಮ್ಮೆ, ಜುಲೈ-ಸೆಪ್ಟೆಂಬರ್ ನಡುವಿನ ಮಳೆಗಾಲದಲ್ಲಿ ಒಮ್ಮೆ ಹಕ್ಕಿಗಳನ್ನು ದಾಖಲಿಸಿದರು. ಸಾವಿರಕ್ಕೂ ಮಿಕ್ಕಿ ಜನ ಸಂಬಳವಿಲ್ಲದೆ ದುಡಿದರು. 25,000 ಪಟ್ಟಿಗಳು, ಸುಮಾರು 3 ಲಕ್ಷ ದಾಖಲೆಗಳು, 361 ಜಾತಿಗಳು. ತೆಂಕಣ ಜಿಲ್ಲೆಗಳಿಗಿಂತ ಬಡಗಣ ಮತ್ತು ನಡುವಿನ ಜಿಲ್ಲೆಗಳಲ್ಲಿ ಹಕ್ಕಿಗಳ ವೈವಿಧ್ಯ ಹೆಚ್ಚೆಂದು ಆ ಲೆಕ್ಕ ತೋರಿಸಿತು. ಕಾಸರಗೋಡು ರಾಜ್ಯದ ಬಡಗಣ ತುದಿಯ ಜಿಲ್ಲೆ. ಹೀಗಿರುವಾಗ ಹಕ್ಕಿಯೆಂದರೆ ತಟ್ಟೇಕಾಡು, ಕುಮರಗಂ ಎಂದು ದೂರಕ್ಕೆ ಬೆರಳು ತೋರಿಸುವ ಅಗತ್ಯ ನಮಗಿಲ್ಲ. 2023ರಲ್ಲಿ ಬಿಳಿಹೊಟ್ಟೆಯ ಕಡಲಹದ್ದನ್ನು ನಮ್ಮ ಜಿಲ್ಲೆಯ ಹಕ್ಕಿಯೆಂದು ಘೋಷಿಸಿದ್ದೂ ಆಗಿದೆ. ಘೋಷಣೆಯಾದ ಆ ಹಕ್ಕಿ ಕಡಲ ಕರೆಯ ಯಾವ ಎತ್ತರದ ಮರದಲ್ಲಿ ವರ್ಷ ವರ್ಷ ಗೂಡು ಕಟ್ಟುತ್ತದೆ ಎಂಬುದನ್ನು ಗಮನಿಸಬೇಕಾದವರು ಆ ಮರದ ಅಡಿಯಲ್ಲಿ ಬದುಕುವವರು.

ಬರೆದಿಡದೆ ಕಳೆದುಕೊಂಡುದು

1970ರ ದಶಕದ ಕೊನೆಯಿಂದ 2000ನೇ ಇಸವಿಯ ವರೆಗೆ ನಮ್ಮ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಥೆಯನ್ನು ಎಣ್ಮಕಜೆ, ಬೆಳ್ಳೂರು, ಮುಳಿಯಾರಿನ ಜನರಿಗೆ ವಿವರಿಸುವ ಅಗತ್ಯವಿಲ್ಲ. ಅದರ ಸಂಕಟ ಇಂದೂ ಎಷ್ಟೋ ಮನೆಗಳ ಒಳಕೋಣೆಯಲ್ಲಿ ಮಲಗಿದೆ. ಆ ಮನೆಗಳ ಹಿರಿಯರೊಡನೆ ಕುಳಿತು ಮಾತನಾಡಿದರೆ ಮನುಷ್ಯರ ಕಾಯಿಲೆಗಿಂತ ಮೊದಲು ಅವರು ನೆನಪು ಮಾಡಿಕೊಳ್ಳುವುದು ಬೇರೆಯದನ್ನು. ಜೇನುಗೂಡು ಖಾಲಿಯಾಯಿತು, ತೋಡಿನ ಮೀನು ಹೊಟ್ಟೆ ಮೇಲಾಗಿ ತೇಲಿತು, ಕಪ್ಪೆ ಕೂಗುವುದು ನಿಂತಿತು, ಕಾಗೆಯೂ ಕಡಿಮೆಯಾಯಿತು ಎನ್ನುತ್ತಾರೆ. ಮನುಷ್ಯನ ಮೈಗೆ ತಾಗುವ ಮೊದಲು ಸಣ್ಣ ಜೀವಗಳ ಮೈಗೆ ವಿಷ ತಾಗಿತ್ತೆಂದು ಅವರ ನೆನಪು ಹೇಳುತ್ತದೆ.

ಆದರೆ ಎಷ್ಟು ಕಡಿಮೆಯಾಯಿತು? ಯಾವ ವರ್ಷದಿಂದ? ಸುರಿಯದ ಊರಿನಲ್ಲಿ ಹೇಗಿತ್ತು? ಈ ಮೂರು ಪ್ರಶ್ನೆಗಳಿಗೆ ತೋರಿಸಲು ರೈತರಾದ ನಮ್ಮ ಬಳಿ ಒಂದು ಹಾಳೆಯೂ ಇಲ್ಲ. ಇರುವುದು ನೆನಪು ಮಾತ್ರ. ಕಚೇರಿಯ ಮೇಜಿನ ಮುಂದೆ ನೆನಪಿಗೆ ಸಿಗುವ ಬೆಲೆ ಎಷ್ಟೆಂದು ಬಲ್ಲವರು ಬಲ್ಲರು.

ಬರೆದಿಟ್ಟವರು ಇಲ್ಲವೇ ಇಲ್ಲವೆಂದಲ್ಲ. ಪತ್ರಕರ್ತ ಶ್ರೀ ಪಡ್ರೆಯವರು ತಮ್ಮ ಊರಿನ ಈ ಸಂಗತಿಯನ್ನು ಬಹಳ ಮೊದಲೇ ಬರೆದರು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಅಸಾಧಾರಣ ಕಾಯಿಲೆಗಳು ಒಂದೇ ಪ್ರದೇಶದಲ್ಲಿ ಹೆಚ್ಚಿರುವುದನ್ನು ಗಮನಿಸಿ, ಅದನ್ನು ಹೊರಗಿನವರ ಕಿವಿಗೆ ಮುಟ್ಟಿಸಿದರು. ದೊಡ್ಡ ಪ್ರಯೋಗಾಲಯವಿಲ್ಲದ ಹಳ್ಳಿಯಲ್ಲಿ ಒಬ್ಬ ವೈದ್ಯರ ಗಮನ, ಒಬ್ಬ ಪತ್ರಕರ್ತರ ಬರವಣಿಗೆ, ಹಲವು ಸಾಮಾನ್ಯ ಜನರ ಹಟ ಇವೆಲ್ಲ ಸೇರಿ ಕೊನೆಗೆ ವಿಷಯ ಸುಪ್ರೀಂ ಕೋರ್ಟಿನ ವರೆಗೆ ಹೋಯಿತು. 2011ರಲ್ಲಿ ದೇಶದಲ್ಲಿ ಅದರ ಉತ್ಪಾದನೆ, ಮಾರಾಟ, ಬಳಕೆ ನಿಂತಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ನ್ಯಾಯಾಲಯ ಸರಕಾರಕ್ಕೆ ಆಜ್ಞಾಪಿಸಿತು. ಸುರಿಯಲು ತೊಡಗಿದಂದಿನಿಂದ ಅಲ್ಲಿಗೆ ಹತ್ತಿರ ಹತ್ತಿರ 40 ವರ್ಷ. ಪ್ರತಿಯೊಂದು ಊರಿನಲ್ಲಿ ಮೀನು, ಜೇನು, ಹಕ್ಕಿಗಳ ವರ್ಷವಾರು ಲೆಕ್ಕ ಬರೆದಿಟ್ಟ ನಾಲ್ಕು ಮನೆಗಳಿದ್ದಿದ್ದರೆ ಆ ಅವಧಿ ಇಷ್ಟು ಉದ್ದವಾಗುತ್ತಿರಲಿಲ್ಲ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಗಡಿಯಲ್ಲಿರುವವರಿಗೆ ಇನ್ನೊಂದು ನಷ್ಟವೂ ಇದೆ. 1933ರಲ್ಲಿ ಡಾ. ಸಲೀಂ ಅಲಿಯವರು ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳಲ್ಲಿ ಪಕ್ಷಿ ಸಮೀಕ್ಷೆ ಮಾಡಿದರು. 2009ರಲ್ಲಿ ಅವರು ನಡೆದ ದಾರಿಯಲ್ಲೇ ಮತ್ತೆ ನಡೆದು, ಅಂದಿಗೂ ಇಂದಿಗೂ ಇರುವ ವ್ಯತ್ಯಾಸವನ್ನು ಹೋಲಿಸಿ ನೋಡಲು ಸಾಧ್ಯವಾಯಿತು. ನಮ್ಮ ಕಾಸರಗೋಡು ಆಗ ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಸಹಜವಾಗಿಯೇ ಆ ಸಮೀಕ್ಷೆಯ ಹೊರಗೆ ಉಳಿಯಿತು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾದೆವು. ಗೆರೆಗಳು ಬದಲಾಗುತ್ತ ಹೋದಂತೆ ನಮ್ಮ ಊರಿನ ಲೆಕ್ಕವನ್ನು ತಮ್ಮದೆಂದು ಇಟ್ಟುಕೊಳ್ಳುವವರು ಇಲ್ಲವಾದರು. ಹಾಗಾದರೆ ಅದನ್ನು ನಾವೇ ಇಟ್ಟುಕೊಳ್ಳಬೇಕು.

ಲೆಕ್ಕ ಸಾಕ್ಷಿಯಾಗುವುದು ಹೇಗೆ?

ರಣಹದ್ದುಗಳ ಉದಾಹರಣೆ ನೋಡೋಣ. 1990ರ ದಶಕದ ಆರಂಭದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಉತ್ತರ ಭಾರತದ ರಸ್ತೆಗಳ ಉದ್ದಕ್ಕೂ ರಣಹದ್ದುಗಳನ್ನು ಎಣಿಸಿ ಬರೆದಿಟ್ಟಿದ್ದರು. 2000ದಲ್ಲಿ ಅದೇ ರಸ್ತೆಗಳಲ್ಲಿ ಮತ್ತೆ ಎಣಿಸಿದಾಗ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪಾಲು ಇಲ್ಲವಾಗಿತ್ತು. ಹಳೆಯ ಲೆಕ್ಕವಿದ್ದುದರಿಂದ ಇದು ಯಾರದೋ ಭ್ರಮೆ ಎಂದು ತಳ್ಳಿಹಾಕಲು ಆಗಲಿಲ್ಲ. ಕಾರಣ ಹುಡುಕಿದರು. ದನಗಳ ನೋವಿಗೆ ಕೊಡುವ ಡೈಕ್ಲೋಫೆನಾಕ್ ಎಂಬ ಮದ್ದು ಸತ್ತ ದನದ ಮಾಂಸದ ಮೂಲಕ ಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತದೆಂದು 2004ರಲ್ಲಿ ಗೊತ್ತಾಯಿತು. 2006ರಲ್ಲಿ ಭಾರತ ಸರಕಾರ ಅದನ್ನು ದನಗಳಿಗೆ ಬಳಸುವುದನ್ನು ನಿಷೇಧಿಸಿತು. ಎರಡು ಲೆಕ್ಕಗಳ ನಡುವಿನ ವ್ಯತ್ಯಾಸವೇ ಅಲ್ಲಿ ದೂರುದಾರನಾಯಿತು.

ನಾವು ಮಾಡುವ ಲೆಕ್ಕವೂ ಇದೇ ರೀತಿಯದು, ಸ್ವಲ್ಪ ಸರಳವಾದುದು. ಒಂದೇ ಜಾಗದಲ್ಲಿ ನಿಂತು, ಒಂದೇ ಅವಧಿಯಲ್ಲಿ, ಉದಾಹರಣೆಗೆ 15 ನಿಮಿಷದಲ್ಲಿ, ಕಂಡ ಮತ್ತು ಕೇಳಿದ ಎಲ್ಲ ಹಕ್ಕಿಗಳನ್ನು ಬರೆಯಬೇಕು. ಅಪರೂಪದ್ದನ್ನು ಮಾತ್ರ ಬರೆದರೆ ಆಗದು. ಕಾಗೆ, ಪಿಕಳಾರ, ಮಡಿವಾಳ ಎಲ್ಲವೂ ಬೇಕು. ಯಾಕೆಂದರೆ ಪಟ್ಟಿ ಪೂರ್ಣವಾಗಿದ್ದರೆ ಮಾತ್ರ, ಅದರಲ್ಲಿ ಇಲ್ಲದ ಹಕ್ಕಿ ಅಂದು ಕಾಣಲಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಗುಡ್ಡೆಯ ಮುರಕಲ್ಲಿನ ಬಯಲಿನಲ್ಲಿ ಒಂದು ವರ್ಷ 20 ಸಲ ಪಟ್ಟಿ ಮಾಡಿದೆವು ಎಂದಿಟ್ಟುಕೊಳ್ಳಿ. 14 ಪಟ್ಟಿಗಳಲ್ಲಿ ಟಿಟ್ಟಿಭ ಇದ್ದರೆ ಅದರ ಹಾಜರಿ ನೂರಕ್ಕೆ 70. ಪಕ್ಕದಲ್ಲಿ ಕಲ್ಲಿನ ಕೋರೆ ಬಂದು ಐದು ವರ್ಷವಾದ ಮೇಲೆ 20ರಲ್ಲಿ 6 ಪಟ್ಟಿಗಳಲ್ಲಿ ಮಾತ್ರ ಕಂಡರೆ ಹಾಜರಿ ನೂರಕ್ಕೆ 30. ಹಕ್ಕಿಯನ್ನು ಒಂದೊಂದಾಗಿ ಎಣಿಸಲು ತಿಳಿಯದವನೂ ಈ ಹಾಜರಿ ಪುಸ್ತಕ ಇಡಬಹುದು. ದೇಶಮಟ್ಟದ ವರದಿಗಳು ನಿಂತಿರುವುದೂ ಇಂತಹ ಪಟ್ಟಿಗಳ ಮೇಲೆಯೇ. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿ ಸುಮಾರು 30,000 ಹವ್ಯಾಸಿಗಳು ಕೊಟ್ಟ 3 ಕೋಟಿ ದಾಖಲೆಗಳನ್ನು ಆಧರಿಸಿ 942 ಜಾತಿಗಳನ್ನು ಪರಿಶೀಲಿಸಿತು. ದೀರ್ಘ ಕಾಲದ ಲೆಕ್ಕ ಸಿಕ್ಕಿದುದು 338 ಜಾತಿಗಳಿಗೆ ಮಾತ್ರ. ಅವುಗಳಲ್ಲಿ ನೂರಕ್ಕೆ 60 ಜಾತಿಗಳು ಇಳಿಮುಖವಾಗಿವೆ. ಉಳಿದ 604 ಜಾತಿಗಳ ವಿಷಯದಲ್ಲಿ ಹಾಗೆ ಹೇಳಲಾಗದಿರುವುದಕ್ಕೆ ಕಾರಣ, ಬೇಕಾದಷ್ಟು ಹಳೆಯ ಪಟ್ಟಿಗಳು ಇಲ್ಲದಿರುವುದು.

ರೈತರು ಎತ್ತುವ ಆಕ್ಷೇಪಗಳು

ಮೊದಲನೆಯದು ನವಿಲಿನದು. ಗದ್ದೆಯ ಬಿತ್ತನೆ, ತರಕಾರಿಯ ಮೊಳಕೆ, ಒಳ್ಳೆಮೆಣಸಿನ ಬಳ್ಳಿಯ ಬುಡ ಯಾವುದನ್ನೂ ಅದು ಬಿಡುವುದಿಲ್ಲ. ಬೆಳೆ ತಿನ್ನುವ ಹಕ್ಕಿಯನ್ನು ನಾವೇ ಎಣಿಸಿ ಸನ್ಮಾನ ಮಾಡಬೇಕೆ, ಎಣಿಸಿದರೆ ಅರಣ್ಯ ಇಲಾಖೆಯವರು ನಮ್ಮ ಜಾಗಕ್ಕೇ ಕಣ್ಣು ಹಾಕುವುದಿಲ್ಲವೆ ಎಂದು ಕೇಳುತ್ತಾರೆ. ಈ ಭಯವನ್ನು ಹಗುರವಾಗಿ ಕಾಣಬಾರದು. ಆದರೆ ನವಿಲಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇರುವುದು ನಾವು ಬರೆದರೂ ಒಂದೇ, ಬರೆಯದಿದ್ದರೂ ಒಂದೇ. ಬರೆದರೆ ಬದಲಾಗುವುದು ನಮ್ಮ ದೂರಿನ ತೂಕ. 1933ರ ಸಮೀಕ್ಷೆಯಲ್ಲಿ ತಿರುವಾಂಕೂರು-ಕೊಚ್ಚಿಗಳಲ್ಲಿ ಸಲೀಂ ಅಲಿಯವರಿಗೆ ನವಿಲು ಕಾಣಸಿಕ್ಕಿರಲಿಲ್ಲ. 2023ರ ವರದಿಯ ಪ್ರಕಾರ ದೇಶದಲ್ಲಿ ನವಿಲು ನೂರಕ್ಕೆ 150ರಷ್ಟು ಹೆಚ್ಚಿದೆ. ಕೃಷಿಕರು ವರ್ಷಗಳಿಂದ ಹೇಳುತ್ತಿದ್ದುದು ನಿಜವೆಂದು ಸ್ಥಾಪಿಸಿದುದು ಹಕ್ಕಿ ಎಣಿಸುವವರ ಪಟ್ಟಿಯೇ. ನಾಳೆ ಕೃಷಿಭವನಕ್ಕೆ ಹೋಗಿ ನಷ್ಟ ಹೇಳುವಾಗ, ನಮ್ಮ ಬೈಲಿನಲ್ಲಿ ಯಾವ ತಿಂಗಳು ಎಷ್ಟು ನವಿಲು ಎಂದು ಐದು ವರ್ಷದ ಪುಸ್ತಕ ಮುಂದಿಟ್ಟರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಎರಡನೆಯ ಆಕ್ಷೇಪ, ಸಮಯವಿಲ್ಲವೆಂಬುದು. ಬೆಳಗ್ಗೆ ಹಾಲು ಸೊಸೈಟಿಗೆ ಕೊಟ್ಟು ಬರುವಾಗ, ತೋಟಕ್ಕೆ ನೀರು ಬಿಟ್ಟು ಕಟ್ಟದ ಬದಿಯಲ್ಲಿ ಕುಳಿತಾಗ 15 ನಿಮಿಷ ಸಿಗದ ಮನೆ ಕಡಿಮೆ. ನಿಜ ಹೇಳಬೇಕಾದರೆ, ಹಕ್ಕಿ ನೋಡಲು ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಉಳುವಾಗ ಬೆಳ್ಳಕ್ಕಿ ಹಿಂಬಾಲಿಸುವುದು, ಹೊಗೆ ಹಾಕಿದಲ್ಲಿ ಕಾಜಾಣ ಬಂದು ಹುಳ ಹಿಡಿಯುವುದು, ನವರಾತ್ರಿಯ ಹೊತ್ತಿಗೆ ನವರಂಗ ತೋಟದ ನೆರಳಿಗೆ ಬಂದಿಳಿಯುವುದು, ಮಳೆಗೆ ಮುಂಚೆ ಚಾತಕ ಕೂಗುವುದು ಇವೆಲ್ಲ ಅವನಿಗೆ ತಿಳಿದಿವೆ. ಇಲ್ಲದಿರುವುದು ತಾರೀಕು ಹಾಕಿ ಬರೆಯುವ ಅಭ್ಯಾಸ ಮಾತ್ರ.

ಮೂರನೆಯದು ಹೆಸರಿನ ತೊಡಕು. ಪುಸ್ತಕದ ಕನ್ನಡದಲ್ಲಿ ಕೆಂಬೂತ, ನಮ್ಮ ಮನೆಗಳಲ್ಲಿ ಕುಪ್ಪುಳು, ಮಲೆಯಾಳದಲ್ಲಿ ಚೆಂಬೋತ್ತ್ ಅಥವಾ ಉಪ್ಪನ್. ಒಂದೇ ಹಕ್ಕಿಗೆ ಇಷ್ಟು ಹೆಸರಿರುವುದು ನಮ್ಮ ಊರಿನ ಸಂಪತ್ತು. ಮನೆಯಲ್ಲಿ ಕರೆಯುವ ಹೆಸರನ್ನೇ ಬರೆಯಿರಿ. ತುಳು, ಕೊಂಕಣಿ, ಮಲೆಯಾಳ ಯಾವುದಾದರೂ ಸರಿ. ಹೊಂದಿಸುವ ಕೆಲಸ ಆಮೇಲೆ ಒಟ್ಟಾಗಿ ಮಾಡೋಣ. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ ಇದೆ. ಮಲೆಯಾಳದಲ್ಲಿ ಇಂದುಚೂಡನ್ ಎಂಬ ಹೆಸರಿನಿಂದ ಕೆ.ಕೆ. ನೀಲಕಂಠನ್ ಅವರು ಬರೆದು 1958ರಲ್ಲಿ ಹೊರಬಂದ ‘ಕೇರಳತ್ತಿಲೆ ಪಕ್ಷಿಗಳ್’ ಇದೆ. ಈಗ ಮಕ್ಕಳ ಕೈಯ ಫೋನಿನಲ್ಲಿ ಮರ್ಲಿನ್ ಎಂಬ ಆ್ಯಪ್ ಕೂಗನ್ನು ಕೇಳಿಯೇ ಹೆಸರು ಸೂಚಿಸುತ್ತದೆ. ಆದರೆ ಫೋನು ಹೇಳಿದ್ದನ್ನು ಕಣ್ಣಿನಿಂದ ಖಚಿತಪಡಿಸಿಕೊಳ್ಳದೆ ಬರೆಯಬಾರದು.

ನಾಲ್ಕನೆಯದು ಪಂದ್ಯದ ಮೇಲಿನ ಆಕ್ಷೇಪ. ಗೆಲ್ಲುವ ಆಸೆಯಿಂದ ಸುಳ್ಳು ಹೆಸರು ಸೇರುತ್ತದೆ, ಗೂಡಿನ ಹತ್ತಿರ ಹೋಗಿ ಚಿತ್ರ ತೆಗೆಯುತ್ತಾರೆ, ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಹಕ್ಕಿಯನ್ನು ಹೊರಗೆ ಎಳೆಯುತ್ತಾರೆ ಎಂಬ ದೂರು ಇದೆ. ಇದು ಸರಿಯಾದ ದೂರು. ಹೆಚ್ಚು ಜಾತಿ ಕಂಡವನಿಗೆ ಬಹುಮಾನವೆಂದರೆ ಜನರು ಒಳ್ಳೆಯ ಕಾಡಿರುವಲ್ಲಿಗೆ ಓಡುತ್ತಾರೆ. ಕೋರೆಯ ಪಕ್ಕದ ಗುಡ್ಡೆ, ಮದ್ದು ಹೊಡೆದ ಬಾಳೆತೋಟ, ಪಾಳು ಬಿದ್ದ ಗದ್ದೆ ಯಾರ ಪಟ್ಟಿಗೂ ಬರುವುದಿಲ್ಲ. ಲೆಕ್ಕ ಅತ್ಯಂತ ಅಗತ್ಯವಿರುವುದು ಅಲ್ಲಿಯೇ. ಆದುದರಿಂದ ಪಂದ್ಯ ಬೇಡವೆನ್ನುವ ಬದಲು ಅಂಕ ಕೊಡುವ ರೀತಿಯನ್ನು ಬದಲಾಯಿಸಬೇಕೆಂದು ನಮ್ಮ ಮತ.

ನಮ್ಮ ಸಲಹೆ

ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ನಮ್ಮ ಧರ್ಮಕೇಂದ್ರಗಳು ಸೇರಿ ಒಂದು ಸ್ನೇಹಪಂದ್ಯ ನಡೆಸಬಹುದು. ಪ್ರತಿಯೊಂದು ವಾರ್ಡಿನಿಂದ ಒಂದು ತಂಡ, ಅದರಲ್ಲಿ ಒಬ್ಬ ಹಿರಿಯರು, ಒಬ್ಬ ಶಾಲಾ ವಿದ್ಯಾರ್ಥಿ, ಮಹಿಳೆಯರೊಬ್ಬರು ಇರಲೇಬೇಕು. ಹಕ್ಕಿಗೆ ಜಾತಿಮತವಿಲ್ಲವಾದುದರಿಂದ ನೆರೆಮನೆಯ ಹಿಂದೂ, ಮುಸ್ಲಿಂ ಬಾಂಧವರನ್ನೂ ತಂಡಕ್ಕೆ ಸೇರಿಸಿಕೊಳ್ಳಬೇಕು. ಗುರಿಕಾರರು ಹೆಸರು ಸಂಗ್ರಹಿಸಿ ಕೊಟ್ಟರೆ ಮುಂದಿನ ಏರ್ಪಾಡು ಸುಲಭ.

ಎಣಿಕೆ ವರ್ಷಕ್ಕೆ ಎರಡು ಸಲ ನಡೆಯಲಿ. ಒಮ್ಮೆ ಸೆಪ್ಟೆಂಬರ್ 8ರ ತೆನೆಹಬ್ಬದ ವಾರದಲ್ಲಿ, ಇನ್ನೊಮ್ಮೆ ಫೆಬ್ರವರಿಯ ಹಿತ್ತಿಲ ಎಣಿಕೆಯ ನಾಲ್ಕು ದಿನಗಳಲ್ಲಿ. ಮಳೆಗಾಲ, ಒಣ ಕಾಲ ಎರಡೂ ಸಿಗುತ್ತವೆ. ಅಟ್ಲಾಸಿನವರು ಎಣಿಸಿದ ಕಾಲದೊಂದಿಗೂ ಹೊಂದುತ್ತದೆ. ಪ್ರತಿ ತಂಡವೂ ನಾಲ್ಕು ಜಾಗಗಳನ್ನು ಆರಿಸಿಕೊಳ್ಳಬೇಕು: ಒಂದು ಅಡಿಕೆ ಅಥವಾ ತೆಂಗಿನ ತೋಟ, ಒಂದು ಗದ್ದೆ (ಪಾಳು ಬಿದ್ದುದಾದರೂ ಸರಿ), ಒಂದು ಗುಡ್ಡೆ ಅಥವಾ ಪಳ್ಳದ ಬದಿ, ಒಂದು ತೋಡಿನ ಅಥವಾ ಹೊಳೆಯ ಕರೆ. ಒಮ್ಮೆ ಆರಿಸಿದ ಜಾಗವನ್ನು ಬದಲಾಯಿಸುವಂತಿಲ್ಲ. ಬೇರೆಯವರ ಜಾಗವಾದರೆ ಕೇಳಿಯೇ ಕಾಲಿಡಬೇಕು.

ಅಂಕಗಳನ್ನು ಹೀಗೆ ಕೊಡಬಹುದು. ತಪ್ಪದೆ ನಾಲ್ಕೂ ಜಾಗಗಳಲ್ಲಿ 15 ನಿಮಿಷ ನಿಂತುದಕ್ಕೆ ಹೆಚ್ಚಿನ ಅಂಕ. ಪಟ್ಟಿ ಪೂರ್ಣವಾಗಿದ್ದು ತಾರೀಕು, ಗಂಟೆ, ಜಾಗ ಬರೆದಿದ್ದರೆ ಅಂಕ. ಗುರುತು ಸಿಗದ ಹಕ್ಕಿಯನ್ನು ‘ಗೊತ್ತಾಗಲಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆದವರಿಗೂ ಅಂಕ. ಊರಿನ ಹೆಸರನ್ನು ಹಿರಿಯರಿಂದ ಕೇಳಿ ಬರೆದರೆ ಅಂಕ. ಜಾತಿಗಳ ಸಂಖ್ಯೆಗೆ ಕೊನೆಯ ಸ್ಥಾನ. ಗೂಡಿಗೆ ಕೈ ಹಾಕಿದ, ಕೂಗು ಹಾಕಿ ಕರೆದ ತಂಡಕ್ಕೆ ಅಂಕವೇ ಇಲ್ಲ. ಗೂಬೆ, ಮಂಗಟ್ಟೆ, ಕಡಲಹದ್ದುಗಳ ಗೂಡಿನ ಜಾಗವನ್ನು ವಾಟ್ಸಾಪಿನಲ್ಲಿ ಹಾಕಬಾರದು.

ಬರೆದುದರ ಮೂರು ಪ್ರತಿ ಇರಬೇಕು. ಒಂದು ಮನೆಯಲ್ಲಿ. ಇನ್ನೊಂದು ಪಂಚಾಯತಿನ ಜೀವವೈವಿಧ್ಯ ಸಮಿತಿಗೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯತಿನಲ್ಲಿ ಇಂತಹ ಸಮಿತಿಯೂ ಜನತಾ ಜೀವವೈವಿಧ್ಯ ದಾಖಲೆ ಪುಸ್ತಕವೂ ಇರಬೇಕು. ಆ ಪುಸ್ತಕವನ್ನು ಒಮ್ಮೆ ತಯಾರಿಸಿ ಕಪಾಟಿನಲ್ಲಿ ಇಡುವ ಬದಲು ಪ್ರತಿ ವರ್ಷ ಒಂದು ಪುಟ ಸೇರಿಸುವಂತೆ ನಾವು ಒತ್ತಾಯಿಸಬಹುದು. ಮೂರನೆಯ ಪ್ರತಿಯನ್ನು ಓದು ಬಲ್ಲ ಮಕ್ಕಳು ಈಬರ್ಡ್ ಎಂಬ ಜಾಗತಿಕ ದಾಖಲೆಗೆ ಸೇರಿಸಲಿ. ಕಾಗದವನ್ನು ಗೆದ್ದಲು ತಿಂದರೂ ಅಲ್ಲಿ ಉಳಿಯುತ್ತದೆ. ಫೋನು ಕೆಟ್ಟರೂ ಕಾಗದ ಉಳಿಯುತ್ತದೆ.

ಪುಸ್ತಕದ ಬಲಬದಿಯಲ್ಲಿ ಇನ್ನೊಂದು ಕಾಲಂ ಇರಲೆಂದು ನಮ್ಮ ವಿಶೇಷ ಕೋರಿಕೆ. ಆ ತಿಂಗಳು ಆ ತೋಟದಲ್ಲಿ ಯಾವ ಮದ್ದು, ಎಷ್ಟು, ಎಂದು ಹೊಡೆದೆವು ಎಂಬುದನ್ನು ಅಲ್ಲಿ ಬರೆಯಬೇಕು. ಅಂದು ವಿಷ ಆಕಾಶದಿಂದ ಬಂತು. ಇಂದು ಸ್ಪ್ರೇಯರ್ ನಮ್ಮದೇ ಬೆನ್ನಿನ ಮೇಲಿದೆ. ಬಾಳೆಯ ಬುಡಕ್ಕೆ ಹಾಕುತ್ತಿದ್ದ ಫ್ಯುರಡಾನ್ ಹರಳನ್ನು ಹಕ್ಕಿಗಳು ಕಾಳೆಂದು ಹೆಕ್ಕಿ ತಿಂದು ಸಾಯುತ್ತವೆ. ಕೇರಳದಲ್ಲಿ ಅದು 2011ರಲ್ಲೇ ನಿಷೇಧವಾದ ವಿಷ. ಮದ್ದಿನ ಕಾಲಂ ಮತ್ತು ಹಕ್ಕಿಯ ಕಾಲಂ ಅಕ್ಕಪಕ್ಕದಲ್ಲಿದ್ದರೆ ಐದು ವರ್ಷದಲ್ಲಿ ಆ ಪುಸ್ತಕವೇ ನಮಗೆ ಬುದ್ಧಿ ಹೇಳುತ್ತದೆ.

ಆರೋಗ್ಯದ ದೃಷ್ಟಿಯಿಂದ

ಸತ್ತುಬಿದ್ದ ಹಕ್ಕಿಯನ್ನು, ಮುಖ್ಯವಾಗಿ ಒಂದೇ ಕಡೆ ಹಲವು ಸತ್ತಿದ್ದರೆ, ಬರಿಗೈಯಿಂದ ಮುಟ್ಟಬಾರದು. ಮಕ್ಕಳನ್ನೂ ನಾಯಿಯನ್ನೂ ದೂರವಿಟ್ಟು ಮೃಗಾಸ್ಪತ್ರೆಗೆ ತಿಳಿಸಬೇಕು. ಆಲಪ್ಪುಳ, ಕೋಟ್ಟಯಂ ಕಡೆ 2014ರಲ್ಲಿ ಬಾತುಗಳಿಗೆ ಬಂದ ಹಕ್ಕಿಜ್ವರ 2021ರಲ್ಲಿಯೂ 2024ರಲ್ಲಿಯೂ ಮರಳಿ ಬಂದುದನ್ನು ಕೋಳಿ ಸಾಕುವವರು ನೆನಪಿಡಬೇಕು. ಬೇಗ ಗಮನಿಸಿ ತಿಳಿಸುವುದು ಹಕ್ಕಿಗೂ ಮನುಷ್ಯನಿಗೂ ಕ್ಷೇಮ. ಹಾಗೆಯೇ, ಬಾವಲಿಯೋ ಹಕ್ಕಿಯೋ ಕಚ್ಚಿ ಉದುರಿಸಿದ ಹಣ್ಣನ್ನು ಮಕ್ಕಳು ತಿನ್ನಬಾರದು. 2018ರಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ಬಂದ ಮೇಲೆ ಈ ಎಚ್ಚರಿಕೆ ಎಲ್ಲ ಮನೆಗಳಿಗೂ ಅನ್ವಯಿಸುತ್ತದೆ.

ಗೂಬೆಯ ವಿಷಯದಲ್ಲಿ ಒಂದು ಮಾತು. ಮಾಡಿನ ಮೇಲೆ ಗೂಬೆ ಕುಳಿತರೆ ಸಾವು ಬರುತ್ತದೆಂದು ಕಲ್ಲು ಹೊಡೆಯುವವರು ಇನ್ನೂ ಇದ್ದಾರೆ. ಅದು ಬರುವುದು ಇಲಿಗಾಗಿ. ಮಳೆಗಾಲದಲ್ಲಿ ಗದ್ದೆಯ, ತೋಡಿನ ನೀರಿನಿಂದ ಹರಡುವ ಇಲಿಜ್ವರ ಎಷ್ಟು ಅಪಾಯಕಾರಿಯೆಂದು ನಮಗೆ ಗೊತ್ತಿದೆ. ಇಲಿ ಹಿಡಿಯುವ ಹಕ್ಕಿಯನ್ನು ಓಡಿಸಿ, ಇಲಿಪಾಷಾಣ ತಂದಿಟ್ಟು, ಆ ವಿಷ ತಿಂದ ಇಲಿಯನ್ನು ಹಿಡಿದ ಗೂಬೆಯೂ ಸಾಯುವಂತೆ ಮಾಡುವುದು ಎಲ್ಲಿಯ ಲಾಭ? ಗೂಬೆ ಇರುವ ಮನೆಗೆ ಪಂದ್ಯದಲ್ಲಿ ಎರಡು ಅಂಕ ಹೆಚ್ಚು ಕೊಟ್ಟರೂ ತಪ್ಪಲ್ಲ.

ಕೊನೆಯದಾಗಿ, ಈ ಕೆಲಸದಿಂದ ನಾಳೆಯೇ ಅಡಿಕೆಗೆ ಧಾರಣೆ ಏರುವುದಿಲ್ಲ, ಕೊಳೆರೋಗ ನಿಲ್ಲುವುದಿಲ್ಲ. ಮೊದಲ ಎರಡು ಮೂರು ವರ್ಷ ಪುಸ್ತಕದಿಂದ ಏನೂ ತಿಳಿಯಲಿಕ್ಕಿಲ್ಲ. ತೆಂಗಿನ ಗಿಡ ನೆಟ್ಟವನು ಮರುವರ್ಷವೇ ಕಾಯಿ ಕೇಳುವುದಿಲ್ಲವಷ್ಟೆ? ನಮ್ಮ ನಂತರ ಈ ಗುಡ್ಡೆ, ಬೈಲುಗಳಲ್ಲಿ ಬದುಕಬೇಕಾದ ಮಕ್ಕಳು ಮುಂದೆ ಯಾವುದೋ ಕಚೇರಿಯಲ್ಲಿ ನಿಂತು ‘ಮೊದಲು ಹೀಗಿರಲಿಲ್ಲ’ ಎಂದು ಹೇಳುವ ದಿನ ಬಂದರೆ, ಅವರ ಕೈಯಲ್ಲಿ ಬರೆದ ಪುಸ್ತಕವೂ ಇರಲಿ. ಇಷ್ಟಕ್ಕಾಗಿ ವರ್ಷಕ್ಕೆ ಎರಡು ವಾರ, ದಿನಕ್ಕೆ ಕಾಲು ಗಂಟೆ ಕೊಡುವುದು ನಮ್ಮಿಂದ ಆಗದ ಮಾತಲ್ಲ.

ಪಂದ್ಯಕ್ಕೆ ಸೇರಲು ಇಚ್ಛಿಸುವ ವಾರ್ಡಿನವರು ಭಾನುವಾರದ ಪೂಜೆಯ ನಂತರ ತಮ್ಮ ಗುರಿಕಾರರಲ್ಲಿ ಹೆಸರು ಕೊಡಬಹುದು. ದುರ್ಬೀನು ಬೇಕೆಂದಿಲ್ಲ. ಒಂದು ನೂರು ಪುಟದ ಪುಸ್ತಕ, ಒಂದು ಪೆನ್ನು ಸಾಕು.